ಚಿತ್ತಾ ಮಳೆಯಲ್ಲಿ ಹೊನ್ನಾವರಕ್ಕೆ

ಮಗಳ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ನಮ್ಮ ಪ್ಲಾನ್ ಬರೆದಿದ್ದೆ. ಮೂರು ದಿನ: ಜೋಗ, ಮುರುಡೇಶ್ವರ, ಮರವಂತೆ, ಉಡುಪಿ, ಗೋಕರ್ಣ, ಕಾರವಾರ. ದಾವಣಗೆರೆಯವರಿಗೆ ಸಮುದ್ರ ಅಂದ್ರೆ ಹೀಗೇ. ಒಮ್ಮೆ ಹೋದ್ರೆ ಎಲ್ಲಾ ಮುಗಿಸಿಕೊಂಡೇ ಬರಬೇಕು.

ಹೆಂಡತಿ ಮ್ಯಾಪ್ ತೆರೆದು ನೋಡಿದಳು. "ಹೊನ್ನಾವರಕ್ಕೆ ಇಳಿದ್ರೆ ಉಡುಪಿ ಎಡಕ್ಕೆ, ಕಾರವಾರ ಬಲಕ್ಕೆ. ಯಾವ ಕಡೆ ಹೋಗ್ತೀರಿ?" ಆಮೇಲೆ ಪೆನ್ಸಿಲ್ ತಗೊಂಡು ಒಂದೊಂದೇ ಹೊಡೆದು ಹಾಕಿದಳು. ಕೊನೆಗೆ ಉಳಿದಿದ್ದು ಜೋಗ, ಹೊನ್ನಾವರ, ಮಿರ್ಜಾನ್, ಗೋಕರ್ಣ. ಮುರುಡೇಶ್ವರ ಪಟ್ಟಿಯಿಂದ ಹೋಗಿದ್ದಕ್ಕೆ ಮಗಳು ಒಂದು ಗಂಟೆ ಮಾತಾಡಲಿಲ್ಲ.

ಅವ್ವನ ತಕರಾರು ಬೇರೆ. "ಇನ್ನೂ ಚಿತ್ತಾ ಮಳೆ ಐತಿ. ದೀಪಾವಳಿ ಕಳೀಲಿ." ನಮ್ಮೂರ ಬಿಸಿಲು ನೋಡಿಕೊಂಡು ಅವಳ ಮಾತು ಯಾರು ಕೇಳ್ತಾರೆ? ಆದರೆ ಹೆದರಿಕೆ ಸುಮ್ನೆ ಬಂದಿದ್ದಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದಿದ್ದನ್ನು ಅವಳು ಟಿವಿಯಲ್ಲಿ ದಿನಗಟ್ಟಲೆ ನೋಡಿದ್ದಳು. ನಮ್ಮ ದಾರಿ ಗೋಕರ್ಣದಲ್ಲೇ ಮುಗಿಯುತ್ತೆ, ಶಿರೂರಿನವರೆಗೆ ಹೋಗಲ್ಲ ಅಂದ ಮೇಲೆ ಒಪ್ಪಿದಳು.

ಬನ್ನಿ ಮುಡಿದ ಮಾರನೇ ದಿನ ಬೆಳಿಗ್ಗೆ ಐದಕ್ಕೆ ಹೊರಟೆವು. ಆಯುಧ ಪೂಜೆಯ ಚೆಂಡು ಹೂವಿನ ಹಾರ ಕಾರಿನ ಮುಂದೆ ಹಾಗೇ ಇತ್ತು. ಊರು ಬಿಡುವಾಗಲೇ ಮೆಕ್ಕೆಜೋಳದ ಕಾಟ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿ ಹತ್ತಬಾರದು ಅಂತ ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರ್ತಾರೆ. ಕತ್ತಲಲ್ಲಿ ಆ ಕಲ್ಲು ಕಾಣೋದೇ ಇಲ್ಲ. ಬೈಯೋಣ ಅಂದ್ರೆ ಒಣಗಿಸೋಕೆ ಅವರಿಗಾದ್ರೂ ಬೇರೆ ಕಣ ಎಲ್ಲಿದೆ? ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ. ಸಾಗರದಲ್ಲಿ ತಿಂಡಿ.

ಜೋಗಕ್ಕೆ ಮಳೆಗಾಲದಲ್ಲೇ ಹೋಗಬೇಕು ಅಂತಾರೆ. ನನಗೆ ಹಾಗನ್ನಿಸಲ್ಲ. ಜುಲೈನಲ್ಲಿ ಹೋದಾಗ ಬರೀ ಸದ್ದು ಕೇಳಿ ಬಂದಿದ್ದೆವು, ಕಂಡಿದ್ದು ಬಿಳಿ ಮಂಜು. ಈ ಸಲ ನೀರು ಕಡಿಮೆ ಇತ್ತು, ಆದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಬೆರಳು ಮಾಡಿ ಎಣಿಸಬಹುದಿತ್ತು. ರಾಜಾ 253 ಮೀಟರ್ ಕೆಳಗೆ ಒಂದೇ ನೆಗೆತಕ್ಕೆ ಬೀಳುತ್ತಾನೆ. ಮಗಳು ರಾಕೆಟ್ ತನ್ನದು ಅಂದಳು. ಮುರುಡೇಶ್ವರದ ಸಿಟ್ಟು ಅಲ್ಲಿಗೆ ಇಳಿಯಿತು.

ಗೇರುಸೊಪ್ಪೆ ಘಾಟಿಯಲ್ಲಿ ಅವ್ವ ಗೆದ್ದಳು. ಮಧ್ಯಾಹ್ನ ಮೂರಕ್ಕೆ ಗುಡುಗು, ಐದೇ ನಿಮಿಷಕ್ಕೆ ಎದುರಿನ ತಿರುವು ಕಾಣದಂಥ ಮಳೆ. ವೈಪರ್ ಹಾಕಿದೆ. ಎರಡು ಸಲ ಆಡಿತು. ಮೂರನೇ ಸಲಕ್ಕೆ ರಬ್ಬರ್ ಕಿತ್ತು ಬಂದು, ಹಾವಿನ ಹಾಗೆ ಗಾಜಿಗೆ ಪಟಪಟ ಹೊಡೆಯತೊಡಗಿತು. ಟೈರ್ ಗಾಳಿ ನೋಡಿಸಿದ್ದೆ, ಆಯಿಲ್ ನೋಡಿಸಿದ್ದೆ. ದಾವಣಗೆರೆ ಬಿಸಿಲಲ್ಲಿ ನಿಂತು ನಿಂತು ವೈಪರ್ ರಬ್ಬರ್ ಹಪ್ಪಳ ಆಗಿರುತ್ತೆ ಅಂತ ಹೊಳೆದೇ ಇರಲಿಲ್ಲ. ವರ್ಷಕ್ಕೆ ಅದನ್ನು ಬಳಸೋದಾದ್ರೂ ಎಷ್ಟು ಸಲ!

ಅಗಲವಾದ ಜಾಗ ನೋಡಿ ಬದಿಗೆ ನಿಲ್ಲಿಸಿದೆ. ಅವ್ವ ಏನೂ ಅನ್ನಲಿಲ್ಲ. ಸೆರಗು ತಲೆ ಮೇಲೆ ಹಾಕಿಕೊಂಡು ಇಳಿದು, ಮುಂದಿನ ಹಾರ ಬಿಚ್ಚಿದಳು. ಹೂವೆಲ್ಲಾ ಉದುರಿಸಿ ದಾರ ನನ್ನ ಕೈಗೆ ಕೊಟ್ಟಳು. ರಬ್ಬರನ್ನು ಪಟ್ಟಿಗೆ ಒತ್ತಿ ಹಿಡಿದು ಮೂರು ಕಡೆ ಸುತ್ತಿ ಗಂಟು ಹಾಕಿದೆ. ಹೊನ್ನಾವರದ ಅಂಗಡಿಯಲ್ಲಿ ಹೊಸದು ಸಿಗುವ ತನಕ ಆ ದಾರವೇ ನಮ್ಮನ್ನು ಇಳಿಸಿತು.

ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಶುಚಿಯಾದ ಬೀಚುಗಳಿಗೆ ಕೊಡುವ ಬ್ಲೂ ಫ್ಲಾಗ್ ಮನ್ನಣೆ 2020ರಲ್ಲಿ ಸಿಕ್ಕ ಬೀಚ್, ಚೊಕ್ಕಟವಾಗಿದೆ. ಅವ್ವ ಸೀರೆ ಎತ್ತಿ ಹಿಡಿದು ಹಿಮ್ಮಡಿ ಮುಳುಗುವಷ್ಟು ನೀರಲ್ಲಿ ನಿಂತಳು. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳು ಜಾರಿತು. "ಯಪ್ಪಾ, ನೆಲಾನೇ ಎಳ್ಕಂತೈತಿ!" ಅಂತ ನನ್ನ ತೋಳು ಗಟ್ಟಿ ಹಿಡಿದಳು. ಆದರೂ ಅರ್ಧ ಗಂಟೆ ಈಚೆ ಬರಲಿಲ್ಲ.

ಕುಮಟಾ ದಾಟಿ ಮಿರ್ಜಾನ್ ಕೋಟೆ. ಇದನ್ನು ನೋಡೋಕೆ ಮಳೆಗಾಲ ಮುಗಿದ ಮೇಲಿನ ಈ ವಾರಗಳೇ ಸರಿ. ಚಿರೇಕಲ್ಲಿನ ಗೋಡೆ ಪೂರ್ತಿ ಹಸಿರು ಪಾಚಿ ಹೊದ್ದಿರುತ್ತೆ. ದುರ್ಗದ ಬಂಡೆ ಕೋಟೆ ನೋಡಿ ಬೆಳೆದ ನನಗೆ ಇದು ಕೋಟೆಗಿಂತ ತೋಟದ ಹಾಗೇ ಕಂಡಿತು. ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ಇದು ಅಂತ ಹೇಳಿದಾಗ, "ನಾವು ತೋಯ್ಸಿಕೊಂಡ ಗೇರುಸೊಪ್ಪೆನಾ?" ಅಂತ ಮಗಳು ಕೇಳಿದಳು. ಅದೇ.

ಗೋಕರ್ಣದಲ್ಲಿ ದಸರಾ ರಜೆಯ ಜನ. ರೂಮ್ ಮೊದಲೇ ಹೇಳಿಡದಿದ್ದರೆ ಕಷ್ಟ ಇತ್ತು. ವಾಪಸ್ ದೇವಿಮನೆ ಘಾಟಿ ಹತ್ತಿ ಶಿರಸಿ, ಹಾವೇರಿ ಮೇಲೆ ಬಂದೆವು. ಕುಮಟಾ-ಶಿರಸಿ ರಸ್ತೆ ಒಮ್ಮೊಮ್ಮೆ ಮುಚ್ಚಿರುತ್ತೆ, ಹೊರಡುವ ಮುಂಚೆ ಅಲ್ಲಿಯವರನ್ನು ಕೇಳಿಕೊಳ್ಳಿ.

ಒಂದು ಹೇಳೋದು ಮರೆತೆ. ಮನೆಯಿಂದ ಒಂದು ಚೀಲ ಮಂಡಕ್ಕಿ ಒಯ್ದಿದ್ದೆವು. ಕಡಲ ಗಾಳಿಗೆ ಒಂದೇ ರಾತ್ರಿಯಲ್ಲಿ ಹತ್ತಿ ಹಾಗೆ ಮೆತ್ತಗಾಗಿತ್ತು, ಒಬ್ಬರೂ ಮುಟ್ಟಲಿಲ್ಲ. ಅವ್ವ ಚೆಲ್ಲೋಕೆ ಬಿಡಲಿಲ್ಲ. ದಾವಣಗೆರೆಗೆ ಬಂದ ಮಾರನೇ ದಿನ ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಹರವಿದಳು. ಹಾರಬಾರದು ಅಂತ ನಾಲ್ಕು ಮೂಲೆಗೂ ಕಲ್ಲು ಇಟ್ಟಳು. ಹನ್ನೊಂದು ಗಂಟೆಗೆಲ್ಲಾ ಗರಿಗರಿ ಆಗಿತ್ತು.