ಸೊನ್ನೆಯೋ, ಓ ಅಕ್ಷರವೋ

"ಯಾವ ಗಾಡಿರೀ?"

ರೇಡಿಯಂ ಅಂಗಡಿಯವರ ಕಣ್ಣು ಕಂಪ್ಯೂಟರ್ ಮೇಲೆಯೇ ಇತ್ತು. ಶಹಾಪುರದ ಆ ಸಣ್ಣ ಅಂಗಡಿಯಲ್ಲಿ ನನ್ನ ಹಿಂದೆ ಇನ್ನೂ ಇಬ್ಬರು ನಿಂತಿದ್ದರು, ಒಬ್ಬರ ಕೈಯಲ್ಲಿ ಹೊಸ ಬುಲೆಟ್ಟಿನ ಪ್ಲೇಟು.

"ಗಾಡಿ ಅಲ್ರೀ, ಡ್ರೋನು."

ಆಗ ತಲೆ ಎತ್ತಿದರು. ನಮ್ಮ ಹುಡುಗನ ಕೈಲಿದ್ದ ಚೀಲದೊಳಗೆ ಇಣುಕಿ ನೋಡಿ, "ಇದಕ್ಕೂ ನಂಬರ್ ಬಂತೇನ್ರೀ ಈಗ?" ಅಂದರು. ಬುಲೆಟ್ಟಿನವರು ನಕ್ಕರು. ಮುಂದಿನ ಪ್ರಶ್ನೆ ಬೆಳಗಾವಿಯ ಯಾವ ರೇಡಿಯಂ ಅಂಗಡಿಯಲ್ಲೂ ಕೇಳುವಂಥದ್ದೇ. "ಕನ್ನಡದಾಗ ಹಾಕ್ಲ್ಯೋ, ಇಂಗ್ಲಿಷ್‌ದಾಗ್ಯೋ, ಮರಾಠಿದಾಗ್ಯೋ?"

ಹುಡುಗ ಅಂದರೆ ನನ್ನ ಹೆಂಡತಿಯ ಅಣ್ಣನ ಮಗ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಸಾಯಂಕಾಲ ಇಬ್ಬರಿಗೂ ಬೇರೆ ಕೆಲಸವಿಲ್ಲ. ಪುಣೆಯಿಂದ ಕೊರಿಯರ್‌ನಲ್ಲಿ ಒಂದೊಂದೇ ಸಾಮಾನು ತರಿಸಿ, ಆರು ತಿಂಗಳಲ್ಲಿ ಒಂದು ಡ್ರೋನ್ ಜೋಡಿಸಿದ್ದೆವು. ನಾಲ್ಕು ಮೋಟಾರು, ನಾಲ್ಕು ರೆಕ್ಕೆ, ಎರಡು ಕೆಂಪು ತೋಳು, ಎರಡು ಬಿಳಿ ತೋಳು. ಹೊರಗಿನಿಂದ ಸಿದ್ಧ ಡ್ರೋನ್ ತರಿಸುವುದಕ್ಕೆ 2022ರ ಫೆಬ್ರುವರಿಯಿಂದ ನಿಷೇಧವಿದೆ, ಬಿಡಿಭಾಗಕ್ಕಿಲ್ಲ. ಅದೇ ನೆಪದಲ್ಲಿ ಕಟ್ಟಲು ಕುಳಿತವರು ನಾವು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 1 ಕಿಲೋ 280 ಗ್ರಾಂ ಬಂತು. ಹೆಂಡತಿ ಆ ತಕ್ಕಡಿಯನ್ನು ಎರಡು ಸಲ ಒರೆಸಿ ಒಳಗಿಟ್ಟಳು.

ಆ ತೂಕದಿಂದಲೇ ಮುಂದಿನ ಕಥೆ ಶುರುವಾಯಿತು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. ನಮ್ಮದು ಮೈಕ್ರೊ. ಸುಮ್ನೆ ಖುಷಿಗೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಡ್ರೋನ್‌ಗೆ ಒಂದು ನೋಂದಣಿ ಸಂಖ್ಯೆ ಬೇಕೇ ಬೇಕು. ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ, ಫೀ 100 ರೂಪಾಯಿ. ಚೆಕ್ ಬೌನ್ಸ್ ಆದರೆ ನಮ್ಮ ಬ್ಯಾಂಕು ಅದಕ್ಕಿಂತ ಜಾಸ್ತಿ ಕತ್ತರಿಸುತ್ತದೆ. ಡ್ರೋನಿನ ಮಿದುಳು ಎನ್ನಬಹುದಾದ ಫ್ಲೈಟ್ ಕಂಟ್ರೋಲರ್‌ನ ಸೀರಿಯಲ್ ನಂಬರು, ರಿಮೋಟಿನ ಸೀರಿಯಲ್ ನಂಬರು ಎರಡನ್ನೂ ಆ ಸಂಖ್ಯೆಗೆ ಗಂಟು ಹಾಕುತ್ತಾರೆ. ಹುಡುಗ ಎರಡು ಸಂಜೆ ಕುಳಿತು ಅದನ್ನೆಲ್ಲ ತುಂಬಿದ. ನಂಬರ್ ಬಂತು. ಇಂಗ್ಲಿಷ್ ಅಕ್ಷರ, ಅಂಕಿ ಕಲಸಿದ ಉದ್ದನೆಯ ನಂಬರು.

ಅದನ್ನು ಎಲ್ಲಿ ಹಚ್ಚುವುದು ಎಂಬ ಚರ್ಚೆಯೇ ಒಂದು ವಾರ ನಡೆಯಿತು. ಬ್ಯಾಟರಿ ಕೆಳಗೆ ಹಚ್ಚಿದರೆ ಅಂದಗೆಡುವುದಿಲ್ಲ ಎಂದು ಹುಡುಗನ ವಾದ. ಅಮೆರಿಕದಲ್ಲಿರುವ ನನ್ನ ಕಾಲೇಜು ಗೆಳೆಯನೂ ಇದೇ ಹುಚ್ಚಿನವನು. ಫೋನಿನಲ್ಲಿ ಹೇಳಿದ: ಅಲ್ಲಿ ಮೊದಲು ಬ್ಯಾಟರಿ ಗೂಡಿನೊಳಗೆ ನಂಬರ್ ಬರೆದರೂ ನಡೆಯುತ್ತಿತ್ತಂತೆ. 2019ರ ಫೆಬ್ರುವರಿ 25ರಿಂದ ಹೊರಮೈ ಮೇಲೆ ಕಾಣುವಂತೆ ಇರಲೇಬೇಕು. ಯಾಕೆಂದರೆ ಎಲ್ಲೋ ಬಿದ್ದ ಡ್ರೋನಿನ ನಂಬರ್ ನೋಡಲು ಪೊಲೀಸರು ಮುಚ್ಚಳ ತೆಗೆದಾಗ ಒಳಗೆ ಸ್ಫೋಟಕ ಇದ್ದರೆ? ಇನ್ನೊಂದು ಮಾತೂ ಹೇಳಿದ. ಅಲ್ಲಿ ಹವ್ಯಾಸಕ್ಕೆ ಹಾರಿಸುವವನಿಗೆ ಒಂದೇ ನಂಬರು, ಹತ್ತು ಡ್ರೋನಿದ್ದರೂ ಅದನ್ನೇ ಎಲ್ಲದಕ್ಕೂ ಹಚ್ಚಬಹುದು. 5 ಡಾಲರ್, 3 ವರ್ಷ. ಅಲ್ಲಿ ನಂಬರು ಮನುಷ್ಯನದು, ಇಲ್ಲಿ ಡ್ರೋನಿನದು. ನನಗೆ ನಮ್ಮ ಪದ್ಧತಿಯೇ ಸರಿ ಅನ್ನಿಸಿತು. ಪ್ರತಿ ಸಾಲಕ್ಕೂ ಬೇರೆ ಖಾತೆ ಸಂಖ್ಯೆ ಕೊಡುವ ಕೆಲಸದವನಲ್ವಾ ನಾನು.

ಹೊರಗೇ ಹಚ್ಚೋಣ ಎಂದಾಯಿತು. ಆದರೆ ಜಾಗವೇ ಇಲ್ಲ. ತೋಳೆಲ್ಲ ಜಾಳಿಗೆ ಜಾಳಿಗೆ. ಕೊನೆಗೆ ಮೇಲಿನ ಪ್ಲೇಟಿನ ಅಂಚಿನಲ್ಲಿ ಎರಡು ಬೆರಳಗಲದ ಜಾಗ ಸಿಕ್ಕಿತು.

ರೇಡಿಯಂ ಅಂಗಡಿಯವರು ಅದನ್ನು ನೋಡಿ ತಲೆಯಾಡಿಸಿದರು. "ಇಷ್ಟ್ ಸಣ್ಣ ಅಕ್ಷರ ಎದ್ದು ಬರ್ತಾವ್ರೀ." ಆದರೂ ಮಾಡಿದರು. ಹಳದಿ ಹಾಳೆಯ ಮೇಲೆ ಯಂತ್ರದ ಬ್ಲೇಡು ಚರಚರ ಓಡಾಡಿತು. ನೋಡಿದರೆ ಏನೂ ಕತ್ತರಿಸಿದಂತೆ ಕಾಣುವುದಿಲ್ಲ. ಅವರು ಸೂಜಿ ತೆಗೆದುಕೊಂಡು ಬೇಡದ ರೇಡಿಯಂ ಎಬ್ಬಿಸುತ್ತಾ ಹೋದಂತೆ ಅಕ್ಷರಗಳು ಒಂದೊಂದೇ ಉಳಿದವು. ಎಂಟರ ಹೊಟ್ಟೆಯೊಳಗಿನ ಎರಡು ಚುಕ್ಕೆ ತೆಗೆಯುವಾಗ ಉಸಿರು ಬಿಗಿ ಹಿಡಿದಿದ್ದರು. ಒಂದು ಚುಕ್ಕೆ ಹಾರಿ ನನ್ನ ಅಂಗಿಗೆ ಅಂಟಿತು. ಆಮೇಲೆ ಮೇಲೆ ಟೇಪು ಹಚ್ಚಿ, ಎತ್ತಿ, ಪ್ಲೇಟಿಗೆ ಒತ್ತಿ, ಹಳೆಯ ಎಟಿಎಂ ಕಾರ್ಡಿನಿಂದ ಉಜ್ಜಿದರು. ಟೇಪು ಸುಲಿದಾಗ ನಂಬರ್ ಕುಳಿತಿತ್ತು. 40 ರೂಪಾಯಿ. ನಾನು ಮೊಬೈಲಿನಲ್ಲಿದ್ದ ನಂಬರ್ ಜೊತೆ ಹೋಲಿಸಿ ನೋಡಿದೆ. ಸರಿ ಇತ್ತು. ಸರಿ ಇದೆ ಅಂದುಕೊಂಡೆ, ಅನ್ನಬೇಕು.

ಬೆಳಗಾವಿಯಲ್ಲಿ ಹಾರಿಸುವ ಆಸೆ ಮೊದಲೇ ಬಿಟ್ಟಿದ್ದೆವು. ಅತ್ತ ಸಾಂಬ್ರಾ ವಿಮಾನ ನಿಲ್ದಾಣ, ಅದರ ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ, ಇತ್ತ ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ. ವಿಮಾನ ನಿಲ್ದಾಣದಿಂದ 12 ಕಿ.ಮೀ. ದಾಟಿ, ಸರ್ಕಾರದ ಡ್ರೋನ್ ನಕಾಶೆಯಲ್ಲಿ ಹಸಿರು ಬಣ್ಣ ಇರುವ ಕಡೆ 400 ಅಡಿವರೆಗೆ ಹಾರಿಸಬಹುದು. ನಮಗೆ ಗೊತ್ತಿದ್ದ ಹಸಿರು ಒಂದೇ, ಬೈಲಹೊಂಗಲ ತಾಲ್ಲೂಕಿನ ನನ್ನ ಮಾವನವರ ಹೊಲ. ಕಳೆದ ಶೀಗಿ ಹುಣ್ಣಿಮೆಗೆ ಹೋಳಿಗೆ ಬುಟ್ಟಿಯ ಜೊತೆ ಡ್ರೋನಿನ ಚೀಲವೂ ಟ್ರ್ಯಾಕ್ಟರ್ ಏರಿತು.

ಐದು ಕಲ್ಲಿಟ್ಟು ಪೂಜೆ ಆಯಿತು. ಚರಗ ಚೆಲ್ಲಿ ಬಂದರು. ಕಡುಬು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ ಎಲ್ಲ ಬನ್ನಿ ಗಿಡದ ನೆರಳಲ್ಲಿ. ಊಟವಾದ ಮೇಲೆ ಹುಡುಗ ಡ್ರೋನ್ ಹೊರತೆಗೆದ. ಮಾವನವರು ಹತ್ತಿರ ಬಂದು ಹಳದಿ ನಂಬರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದೇನ್ರೀ ಅಳಿಯಂದ್ರ, ನಮ್ಮ ಎಮ್ಮಿ ಕಿವ್ಯಾಗಿನ ಬಿಲ್ಲಿ ಇದ್ದಂಗ ಐತಲ್ಲ?"

ಹೌದು. ಸರ್ಕಾರದವರು ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿ 12 ಅಂಕಿ ಇರುತ್ತವೆ. ಕಳೆದರೆ ಈ ನಂಬರಿನಿಂದ ಮಾಲೀಕ ಯಾರೆಂದು ಗೊತ್ತಾಗುತ್ತದೆ ಎಂದು ನಾನು ವಿವರಿಸಿದೆ.

"ಹೋದ ವರ್ಷ ನಮ್ಮ ಎಮ್ಮಿ ತಪ್ಪಿಸಿಕೊಂಡಿತ್ತು," ಅಂದರು ಮಾವ. "ಬಿಲ್ಲಿ ಯಾರೂ ಓದ್ಲಿಲ್ಲ. ಸೊಟ್ಟ ಕ್ವಾಡ ನೋಡಿ ಹೊಡಕೊಂಡು ಬಂದ್ರು."

ಹುಡುಗ ಹಾರಿಸಿದ. ಚೆನ್ನಾಗಿಯೇ ಏರಿತು. ಹೆಂಗಸರು ಸೆರಗು ಹಣೆಗೆ ಹಿಡಿದು ನೋಡಿದರು. ನಾಲ್ಕು ಗಂಟೆಯ ಗಾಳಿ ಬೀಸತೊಡಗಿತು, ಸೂರ್ಯ ಎದುರಿಗೆ ಬಂದ. ಎದುರು ಬಿಸಿಲಿಗೆ ಕೆಂಪು ತೋಳು ಯಾವುದು, ಬಿಳಿ ತೋಳು ಯಾವುದು ಗೊತ್ತಾಗುವುದಿಲ್ಲ, ಎಲ್ಲವೂ ಕಪ್ಪು. ಮುಖ ಎತ್ತ, ಬೆನ್ನು ಎತ್ತ ತಿಳಿಯದೆ ಹುಡುಗ ಹತ್ತಿರ ಎಳೆದಷ್ಟೂ ಅದು ದೂರ ಹೋಯಿತು. ಗಾಬರಿಯಲ್ಲಿ ಮೋಟಾರ್ ಬಂದ್ ಮಾಡಿದ. ಸುಮಾರು 200 ಮೀಟರ್ ಆಚೆ, ಬೇರೆಯವರ ಕಬ್ಬಿನ ಪಡದಲ್ಲಿ ಬಿತ್ತು.

ಅಕ್ಟೋಬರ್ ತಿಂಗಳ ಕಬ್ಬು ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರ್ಖಾನೆ ಇನ್ನೂ ಶುರುವಾಗಿರುವುದಿಲ್ಲ, ಆಳೆತ್ತರ ದಾಟಿ ನಿಂತಿರುತ್ತದೆ. ಒಳಗೆ ಎರಡು ಹೆಜ್ಜೆ ಇಟ್ಟರೆ ಹಿಂದೆ ಬಂದ ದಾರಿ ಕಾಣುವುದಿಲ್ಲ. ರವದಿ ಮೇಲೆ ಕಾಲಿಟ್ಟಲ್ಲೆಲ್ಲ ಸರಬರ ಸದ್ದು, ಹಾವೋ ಇಲಿಯೋ ಎಂಬ ಹೆದರಿಕೆ. ಎಲೆಯ ಅಂಚು ಕೈಗೆ, ಕುತ್ತಿಗೆಗೆ ಗರಗಸದಂತೆ ಗೀರುತ್ತದೆ. ಕತ್ತಲಾಗುವವರೆಗೆ ಹುಡುಕಿದೆವು. ಹೊಸ ಅಂಗಿಯ ತೋಳು ಹರಿಯಿತು. ಡ್ರೋನ್ ಸಿಗಲಿಲ್ಲ.

ಮರುದಿನ ಬ್ಯಾಂಕಿಗೆ ರಜೆ ಹಾಕಿದೆ. ಕಾರಣ ಏನು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ಹತ್ತು ಗಂಟೆಗೆ ಸುದ್ದಿ ಬಂತು. ಕಬ್ಬಿಗೆ ನೀರು ಬಿಡಲು ಹೋದ ಆಳಿಗೆ ಅದು ಸಿಕ್ಕಿದೆ, ಅವನು ಅದನ್ನು ಪಂಚಾಯಿತಿಗೆ ಒಪ್ಪಿಸಿದ್ದಾನೆ. ನಮ್ಮ ಹೊಲ ಪಕ್ಕದಲ್ಲೇ ಇದ್ದರೂ ನಮ್ಮನ್ನು ಯಾಕೆ ಕೇಳಲಿಲ್ಲ?

"ನಂಬರ್ ಇತ್ತಲ್ರೀ," ಅಂದ ಅವನು. "ನಂಬರ್ ಇದ್ರ ಸರ್ಕಾರದ್ದ ಆಗಬೇಕು."

ಅವನ ಲೆಕ್ಕ ತಪ್ಪಲ್ಲ. ಹಳ್ಳಿಯ ಮನೆಜಾಗಕ್ಕೆ ಹಕ್ಕುಪತ್ರ ಕೊಡಲು 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಗೆ ಆ ಊರಲ್ಲೂ ಮನೆಗಳ ಸುತ್ತ ಸುಣ್ಣದ ಗೆರೆ ಎಳೆದು, ಡ್ರೋನ್ ಹಾರಿಸಿ ಅಳೆದಿದ್ದರು. ಊರವರು ನೋಡಿದ ಮೊದಲ ಡ್ರೋನ್ ಅದೇ. ಎರಡನೆಯದು ಬೆಳೆಗೆ ಔಷಧ ಹೊಡೆಯುವುದು. ಮೂರನೆಯದು ನಮ್ಮದು, ಯಾವ ಕೆಲಸಕ್ಕೂ ಬಾರದ್ದು. ಅಷ್ಟರಲ್ಲಿ ಯಾರೋ ಹೊಸ ರಸ್ತೆ ಸರ್ವೇ ಬಂದಿದೆ ಎಂದು ಹಬ್ಬಿಸಿದ್ದರು. ಬೈಪಾಸ್ ರಸ್ತೆಗೆ ಹೊಲ ಹೋದವರ ಕಥೆ ಬೆಳಗಾವಿ ಸುತ್ತ ಯಾರಿಗೆ ಗೊತ್ತಿಲ್ಲ? ಪಂಚಾಯಿತಿ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಕಬ್ಬಿನ ಪಡದ ಯಜಮಾನರು ಕಟ್ಟೆಯ ಮೇಲೆ ಬಾಯಿ ಬಿಗಿದು ಕುಳಿತಿದ್ದರು.

ಒಳಗೆ ಮೇಜಿನ ಮೇಲೆ ನಮ್ಮ ಡ್ರೋನ್ ಮಲಗಿತ್ತು. ಎರಡು ರೆಕ್ಕೆ ಮುರಿದಿದ್ದವು, ಒಂದು ಬಿಳಿ ತೋಳು ಸೀಳಿತ್ತು. ಕಬ್ಬು ಹಾಸಿಗೆಯಂತೆ ತಡೆದಿದ್ದರಿಂದ ಉಳಿದದ್ದೆಲ್ಲ ಸರಿ ಇತ್ತು. ಬಿಲ್ ಕಲೆಕ್ಟರ್ ಒಬ್ಬರೇ ಇದ್ದರು. ಅವರು ಆಗಲೇ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದರು: ಫ್ಯಾನ್ ಇರುವ ಯಂತ್ರ ಒಂದು, ನಂಬರ್ ಇಂತಿಂಥದ್ದು.

"ನಿಮ್ದ ಅನ್ನಾಕ ಏನರ ಕಾಗದ ಐತೇನ್ರೀ?"

ಐತಿ! ಹುಡುಗ ನೋಂದಣಿಯ ಪ್ರಿಂಟ್ ತಂದಿದ್ದ. ನನಗೆ ಒಳಗೊಳಗೇ ಹೆಮ್ಮೆ. ನೋಡಿ, ಕಾಯ್ದೆ ಪ್ರಕಾರ ಮಾಡಿದರೆ ಎಷ್ಟು ಅನುಕೂಲ. ಬಿಲ್ ಕಲೆಕ್ಟರ್ ಕನ್ನಡಕ ಹಾಕಿಕೊಂಡು ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಕೂಡಿಸುತ್ತಾ ಹೋದರು. ಏಳನೆಯದರ ಹತ್ತಿರ ಪೆನ್ನು ನಿಂತಿತು.

"ಇಲ್ಲಿ ಓ ಐತಿ. ಅಲ್ಲಿ ಸೊನ್ನಿ."

ನಾನು ಬಗ್ಗಿ ನೋಡಿದೆ. ಹೌದು. ಪ್ರಿಂಟಿನಲ್ಲಿ ಉದ್ದನೆಯ ಸೊನ್ನೆ, ಡ್ರೋನಿನ ಮೇಲೆ ದುಂಡನೆಯ ಓ. ಅಂಗಡಿಯಲ್ಲಿ ಟೈಪ್ ಮಾಡುವಾಗಲೇ ತಪ್ಪಾಗಿತ್ತು. ಮೊಬೈಲ್ ಹಿಡಿದು ಹೋಲಿಸಿದ ನನಗೆ ಅದು ಕಂಡಿರಲಿಲ್ಲ.

"ಒಂದ ಅಕ್ಷರ್ರೀ," ಅಂದೆ.

"ಒಂದ ಆಗಲಿ, ಬ್ಯಾರೆ ನಂಬರ್ ಆತಲ್ರೀ."

ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು. ಯಾಕೆಂದರೆ ಇದೇ ಮಾತನ್ನು ನಾನು ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ. ಆಧಾರ್‌ನಲ್ಲಿ 'ಬಸಪ್ಪ', ಪಾಸ್‌ಬುಕ್ಕಿನಲ್ಲಿ 'ಬಸವಪ್ಪ'. ಎದುರಿಗೆ ಆ ಮನುಷ್ಯನೇ ನಿಂತಿರುತ್ತಾನೆ, ಊರಿನಿಂದ ಬಸ್ಸು ಹಿಡಿದು ಬಂದಿರುತ್ತಾನೆ. ನಾನು ಗಾಜಿನ ಈಚೆಯಿಂದ, ಸರಿ ಮಾಡಿಸಿಕೊಂಡು ಬರ್ರಿ ಎನ್ನುತ್ತೇನೆ. ಬಿಲ್ ಕಲೆಕ್ಟರ್ ಹೇಳಿದ ದನಿಯೂ ಥೇಟ್ ನನ್ನದೇ.

ಹುಡುಗ ನನಗಿಂತ ಚುರುಕು. "ಕಾಕಾ, ಒಂದ ನಿಮಿಷ," ಎಂದು ಜೇಬಿನಿಂದ ಅಲೆನ್ ಕೀ ತೆಗೆದು ಮೇಲಿನ ಪ್ಲೇಟು ಬಿಚ್ಚಿದ. ಫ್ಲೈಟ್ ಕಂಟ್ರೋಲರ್ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದ ಸೀರಿಯಲ್ ನಂಬರಿತ್ತು. ಪ್ರಿಂಟಿನಲ್ಲೂ ಅದೇ. ಮತ್ತೆ ಪೆನ್ನಿನ ತುದಿ ಒಂದೊಂದೇ ಅಂಕಿಯ ಮೇಲೆ ನಡೆಯಿತು. ಈ ಸಲ ಕೊನೆಯವರೆಗೂ ನಿಲ್ಲಲಿಲ್ಲ.

ಹೊರಗಿನ ಜನಕ್ಕೆ ಅದು ಸಾಲಲಿಲ್ಲ. ಕಬ್ಬಿನ ಯಜಮಾನರು ಒಳಗೆ ಬಂದು ನಿಂತಿದ್ದರು. ಹುಡುಗ ಉಳಿದ ರೆಕ್ಕೆಗಳನ್ನೂ ಬಿಚ್ಚಿಟ್ಟು, ಬೇರೆ ಬ್ಯಾಟರಿ ಸಿಕ್ಕಿಸಿ, ರಿಮೋಟ್ ಹಾಕಿದ. ಡ್ರೋನ್ ಪೀಂ ಪೀಂ ಎಂದಿತು. ಕಡ್ಡಿ ತಿರುವಿದ, ಮೋಟಾರು ತಿರುಗಿದವು. ಬಿಟ್ಟ, ನಿಂತವು.

"ಆತ ಬಿಡ್ರೀ," ಅಂದರು ನನ್ನ ಮಾವ ಬಾಗಿಲಿನಿಂದ. "ಕರ ದನಿ ಗುರ್ತ ಹಿಡೀತು."

ಎಲ್ಲರೂ ನಕ್ಕರು, ಯಜಮಾನರೂ. ಕಬ್ಬು ಎಷ್ಟು ತುಳಿದಿದ್ದೀರಿ ಎಂದು ಮಾತ್ರ ಕೇಳದೆ ಬಿಡಲಿಲ್ಲ. ರಿಜಿಸ್ಟರಿನಲ್ಲಿ ಸಹಿ ಹಾಕಿದೆ. ಅಲ್ಲಿ ಬರೆದಿದ್ದ ಓ ಅಕ್ಷರದ ಮೇಲೆ ಬಿಲ್ ಕಲೆಕ್ಟರ್ ಅಡ್ಡಗೆರೆ ಎಳೆದು, ಸೊನ್ನೆ ಬರೆದು, ಪಕ್ಕದಲ್ಲಿ ಅದಕ್ಕೂ ಒಂದು ಸಹಿ ಹಾಕಿಸಿಕೊಂಡರು.

ಬೆಳಗಾವಿಗೆ ಬಂದ ಮೇಲೆ ಸ್ಟಿಕ್ಕರ್ ಮತ್ತೆ ಮಾಡಿಸುವ ಮನಸ್ಸಾಗಲಿಲ್ಲ. 2018ರ ಹಳೆಯ ನಿಯಮದಲ್ಲಿ ಬೆಂಕಿಗೆ ಸುಡದ ಪಟ್ಟಿಯ ಮೇಲೆ ನಂಬರ್ ಕೆತ್ತಿಸಬೇಕು ಎಂದಿತ್ತು. ಈ ಬ್ಯಾಟರಿಗಳು ಬಿದ್ದು ಜಜ್ಜಿದರೆ ಹೊತ್ತಿಕೊಳ್ಳುವಂಥವು, ರೇಡಿಯಂ ಕರಗಿ ಹೋಗುತ್ತದೆ. ಹಾಗಾಗಿ ಉಗುರಗಲದ ಸ್ಟೀಲ್ ಪಟ್ಟಿ ಕತ್ತರಿಸಿಕೊಂಡು ಪಾತ್ರೆ ಅಂಗಡಿಗೆ ಹೋದೆ. ನಂಬರನ್ನು ದೊಡ್ಡದಾಗಿ ಬರೆದು, ಸೊನ್ನೆಯೊಳಗೆ ಅಡ್ಡಗೆರೆ ಎಳೆದು ಒಯ್ದಿದ್ದೆ. ಕೆಳಗೆ ನನ್ನ ಹೆಸರು, ಊರು, ಫೋನ್ ನಂಬರ್, ಕನ್ನಡದಲ್ಲಿ.

ಹೆಸರು ಕೊರೆಯುವ ಮುದುಕರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇದು ಯಾವ ಪಾತ್ರೆಯ ತುಂಡು ಎಂದು ಅವರಿಗೆ ತಿಳಿಯಲಿಲ್ಲ. ಯಂತ್ರದ ಸ್ವಿಚ್ ಹಾಕಿ, ಗುಂಯ್‌ಗುಡುವ ಮೊಳೆಯನ್ನು ಸ್ಟೀಲಿನ ಮೇಲೆ ಇಡುವ ಮೊದಲು ಕೇಳಿದರು.

"ಯಾರ ಮದಿವಿರೀ?"