ಟಾಪ್ ಇಲ್ಲದ ಜೀಪಿಗೆ ಸ್ಟೀರಿಯೊ

ನಮ್ಮ ಹಳೆಯ ಮಹೀಂದ್ರ ಎಂಎಂ 540ಗೆ ಕೊನೆಗೂ ಸ್ಟೀರಿಯೊ ಬಂತು. ಕಾರವಾರದಲ್ಲಿ ಟಾಪ್ ಇಲ್ಲದ ಗಾಡಿ ಅಂದರೆ ಒಂದು ಕಡೆ ಕಡಲಿನ ಉಪ್ಪುಗಾಳಿ, ಇನ್ನೊಂದು ಕಡೆ ಜೂನ್ ಮಳೆ. ಅದಕ್ಕೇ ಕಾರಿನದ್ದು ಬಿಟ್ಟು ಬೋಟಿಗೆ ಹಾಕುವ ಮರೀನ್ ಸೆಟ್ ತಗೊಂಡೆ. ಒಳಗಿನ ಬೋರ್ಡಿಗೆ ತೇವ ತಾಗದ ಹಾಗೆ ಲೇಪ ಇರುತ್ತದೆ, ಸ್ಪೀಕರ್ ಕೋನ್ ಕಾಗದದ್ದಲ್ಲ, ಪ್ಲಾಸ್ಟಿಕ್ಕಿನದು. ಸಿಡಿ ಗಿಡಿ ಏನೂ ಇಲ್ಲ, ಬ್ಲೂಟೂತ್ ಅಷ್ಟೇ. ನೀರು ಹೋಗುವ ಸಂದು ಕಡಿಮೆ ಇದ್ದಷ್ಟೂ ಒಳ್ಳೆಯದು ಅಲ್ವಾ?

ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ ನೋಡಿ ಮರುಳಾಗಬೇಡಿ, ಆರ್‌ಎಂಎಸ್, ಅಂದರೆ ಸೆಟ್ ಸತತವಾಗಿ ಕೊಡಬಲ್ಲ ನಿಜವಾದ ವ್ಯಾಟ್ ಎಷ್ಟು ಅಂತ ಕೇಳಿ. ಬಾಗಿಲೂ ಇಲ್ಲ, ಗಾಜೂ ಇಲ್ಲ, ಹಾಗಾಗಿ ಬಾಸ್, ಅಂದರೆ ಹಾಡಿನ ದಪ್ಪ ದನಿ, ಗಾಳಿಗೇ ಹೋಗುತ್ತದೆ. ಸ್ಪೀಕರ್ ಕಾಲಬುಡದಲ್ಲಿ ಬೇಡ ಅಂತ ಸೀಟಿನ ಮೇಲೆ ಹಾಯುವ ಕಬ್ಬಿಣದ ರೋಲ್‌ಬಾರಿಗೆ, ಕಿವಿಯ ಹತ್ತಿರ ಕಟ್ಟಿಸಿದೆ. ತಗಡಿನ ಡ್ಯಾಶ್‌ಬೋರ್ಡ್ ಕೊರೆಯಲು ಮನಸ್ಸು ಬರಲಿಲ್ಲ, ಕೆಳಗೆ ಕ್ಲಾಂಪ್ ಹಾಕಿ ಸೆಟ್ ತೂಗುಹಾಕಿದ್ದು.

ಹಳದಿ ವೈರ್ ಬ್ಯಾಟರಿಗೆ, ಕೆಂಪು ಕೀಲಿಗೆ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ. ಅರ್ತ್ ವೈರ್ ಗಾಡಿಯ ತಗಡಿಗೆ ಕೊಡುವಲ್ಲಿ ಪೇಂಟ್ ಕೆರೆಯಲೇಬೇಕು. ಆದರೆ ಕೆರೆದ ಜಾಗಕ್ಕೇ ತುಕ್ಕು ಮೊದಲು ಬರುವುದು. "ತಮ್ಮಾ, ಬೋಲ್ಟ್ ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿ, ಇದು ಕಡಲ ತೀರದ ಊರು" ಎಂದರು ಎಲೆಕ್ಟ್ರಿಷಿಯನ್ ಅಣ್ಣ.

ನಿನ್ನೆ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋದೆ. ಏರಿನಲ್ಲಿ ಡೀಸೆಲ್ ಇಂಜಿನ್ನಿನದೇ ಭಾಗವತಿಕೆ, ನಮ್ಮ ಯಕ್ಷಗಾನದ ಪದ ಕೇಳಿದ್ದು ಘಾಟಿ ಮುಗಿದ ಮೇಲೆ. ಮತ್ತೆ ಟಾಪ್ ಇಲ್ಲದ ಗಾಡಿಯ ಹಾಡು ನಮ್ಮೊಬ್ಬರದ್ದಲ್ಲ ನೋಡಿ, ಪಕ್ಕದ ಬೈಕಿನವರಿಗೂ ಬಸ್‌ಸ್ಟಾಪಿನ ಅಜ್ಜಿಗೂ ಕೇಳುತ್ತದೆ. ಪೇಟೆ ಬಂದರೆ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಅಜ್ಜಿ ಮಾತ್ರ ಜೋರು ಮಾಡು ಎಂದು ಸನ್ನೆ ಮಾಡಿದರು!