ಮಾತು ಮುಗಿಯಿತೆಂದು ಫೋನ್ ಇಡಬೇಡಿ

ಫಿನ್ಲೆಂಡಿನ ಹೆಲ್ಸಿಂಕಿಯ ನಮ್ಮ ಆಫೀಸಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ತಕ್ಷಣ ಬರುವುದಿಲ್ಲ. ಕಾಫಿ ಕಪ್ಪು ಕೆಳಗಿಡುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಆಮೇಲೆ ಒಂದೇ ಮಾತು. ಅದಕ್ಕೆ ತೂಕ ಇರುತ್ತದೆ. ನಾವು ಕೇಳುತ್ತಾ ಹ್ಞೂಂಗುಟ್ಟುತ್ತೇವಲ್ಲ, ಅದೂ ಇಲ್ಲಿ ಕಮ್ಮಿ. ಸುಮ್ಮನಿದ್ದಾರೆ ಎಂದರೆ ಕಿವಿಗೊಟ್ಟಿದ್ದಾರೆ ಎಂದೇ ಲೆಕ್ಕ.

ಹತ್ತು ಭಾಷೆಗಳ ಮಾತುಕತೆ ಅಳೆದ ಅಧ್ಯಯನವೊಂದು 2009ರಲ್ಲಿ ಬಂತು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗವಂತೆ. ಜಪಾನಿನವರದು ಇನ್ನೂ ಕಮ್ಮಿ, ಡೆನ್ಮಾರ್ಕಿನವರದು ಅರ್ಧ ಸೆಕೆಂಡಿನ ಹತ್ತಿರ. ಎರಡು ಸೆಕೆಂಡು ಸುಮ್ಮನಿದ್ದರೆ ನಮಗೆ ಕಸಿವಿಸಿ ಆಗುವುದರಲ್ಲಿ ಆಶ್ಚರ್ಯವೇನಿದೆ?

ಹಾಗಂತ ನಮ್ಮೂರ ಕಡೆಯ ಮಂಡ್ಯದವರಿಗೆ ಸುಮ್ಮನೆ ಕೂರಲು ಬಾರದು ಎಂದರೆ ನಾನು ಒಪ್ಪುವುದಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರಿನ ಸರದಿ ರಾತ್ರಿ ಬಿದ್ದರೆ ಅಪ್ಪನೂ ಪಕ್ಕದ ಗದ್ದೆಯ ದೊಡ್ಡಪ್ಪನೂ ಗುದ್ದಲಿ, ಬ್ಯಾಟರಿ ಪಕ್ಕಕ್ಕಿಟ್ಟು ಬದುವಿನ ಮೇಲೆ ಕೂರುತ್ತಿದ್ದರು. ಗಂಟೆಗಟ್ಟಲೆ ಮಾತಿಲ್ಲ. ಒಂದು ಬೀಡಿ, ಮಡೆ ತಿರುಗಿಸಲು ಒಮ್ಮೆ ಎದ್ದು ಹೋಗಿ ಬರುವುದು. ಕೋಳಿ ಕೂಗುವ ಹೊತ್ತಿಗೆ ಮಗಳ ಮದುವೆಯ ಸಾಲ, ಅಣ್ಣತಮ್ಮಂದಿರ ಪಾಲು, ಎಲ್ಲ ತಾನಾಗಿ ಮಾತಿಗೆ ಬರುತ್ತಿತ್ತು. ಟೀ ಅಂಗಡಿಯ ಮುಂದೆ ನಿಂತು ಆಡುವ ಮಾತುಗಳಲ್ಲ ಅವು.

ನಮ್ಮನ್ನು ಅವಸರಕ್ಕೆ ಬೀಳಿಸಿದ್ದು ಫೋನು. ಊಟ ಆಯ್ತಾ, ಚಳಿ ಹೆಂಗದೆ, ಕಬ್ಬು ಯಾವಾಗ ಕಟಾವು? ಅಷ್ಟಕ್ಕೆ ಸರಕು ಮುಗಿಯಿತು. "ಸರಿ, ಮಡಗ್ಲಾ?"

ಈಗ ಭಾನುವಾರ ಅಡುಗೆಕಟ್ಟೆಗೆ ಫೋನ್ ಒರಗಿಸಿ ನಾನು ಪಾಲಕ್ ಬಿಡಿಸುತ್ತೇನೆ. ಅತ್ತ ಜಗಲಿಯಲ್ಲಿ ಅಪ್ಪನ ಎಲೆಅಡಿಕೆ. ಮಾತಾಡಲೇಬೇಕು ಅಂತಿಲ್ಲ. ಮೊದಮೊದಲು ಅವ್ವ "ಲೈನ್ ಕಟ್ಟಾಯ್ತಾ?" ಎಂದು ಇಣುಕಿ ನೋಡುತ್ತಿದ್ದಳು. ಮಕ್ಕಳು ದೂರ ಇರುವ ಮನೆಯವರಿಗೆಲ್ಲ ನಾನು ಹೇಳುವುದು ಇದನ್ನೇ: ಕೇಳುವುದು ಮುಗಿದ ಮೇಲೂ ಒಂದಷ್ಟು ಹೊತ್ತು ಹಾಗೇ ಇರಿ.

ಹೋದ ತಿಂಗಳು ಅಂಥದ್ದೇ ಒಂದು ಹೊತ್ತಿನಲ್ಲಿ ಅಪ್ಪನ ದನಿ ಬಂತು. "ಕೆಳ್ಗಡೆ ಗದ್ದೆ ಪಾಲ್ಗೆ ಕೊಟ್ಬುಡವಾ ಅಂತಿವ್ನಿ ಮಗಾ. ಮಂಡಿ ಕೈ ಕೊಡ್ತಾ ಅದೆ."

ಮಂಡಿನೋವಿನ ಸುದ್ದಿ ನನಗೆ ಅದೇ ಮೊದಲು. ಹೆಂಗಿದ್ದೀಯಪ್ಪಾ ಎಂದು ಯಾವಾಗ ಕೇಳಿದರೂ "ಚೆನ್ನಾಗಿವ್ನಿ" ಎಂದೇ ಬರುತ್ತಿತ್ತು. ನಾನೂ ತಟ್ಟನೆ ಬುದ್ಧಿ ಹೇಳಲು ಹೋಗಲಿಲ್ಲ. ಸೊಪ್ಪೆಲ್ಲ ಬಿಡಿಸಿ ಮುಗಿಸಿ, "ಯಾರ್ಗೆ ಕೊಡಾದು ಅಂತಿದ್ದೀಯ?" ಎಂದೆ. ಆಮೇಲೆ ಒಂದು ಗಂಟೆ ಮಾತಾಡಿದೆವು. ಗದ್ದೆಯನ್ನು ಈ ಸಲ ದೊಡ್ಡಪ್ಪನ ಮಗ ಮಾಡುತ್ತಾನೆ. ಮಂಡಿ ತೋರಿಸಲು ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗುವವನೂ ಅವನೇ.